ಅಪ್‌ಡೇಟ್: ಲಾವಾ ಈಗ ಹರಿಯುತ್ತಿದೆ
ಮೈಕ್ರೋವೇವ್‌ನ ಚಾಕೊಲೇಟ್ ಪೀನಟ್ ಬಟರ್ ಲಾವಾ ಕೇಕ್ ನಡುವೆಯೂ ಗಟ್ಟಿಯಾಗಿ ರಬ್ಬರಿನಂತಾಗೋದು ಯಾಕೆ ಅಂತ ಕೇಳಿದ್ದೆ. ತಪ್ಪು ಸಮಯದ್ದೇ. 800 ವ್ಯಾಟ್‌ಗೆ 90 ಸೆಕೆಂಡ್ ಜಾಸ್ತಿ, 50 ಸಾಕು. ಮೇಲೆ ನಡುವೆ ರೂಪಾಯಿಯಗಲ ಹಸಿ ಹೊಳಪು ಇರುವಾಗಲೇ ನಿಲ್ಲಿಸಿ. ಹೊರಗಿಟ್ಟ ಒಂದು ನಿಮಿಷದಲ್ಲಿ ಉಳಿದ ಬಿಸಿಗೇ ಅದು ಬೇಯುತ್ತೆ.

ಮಗ್ಗಿಗೆ ದೊಡ್ಡ ಚಮಚದಲ್ಲಿ ಮೈದಾ 3, ಕೋಕೋ 2, ಸಕ್ಕರೆ 2, ಹಾಲು 4, ಎಣ್ಣೆ 2, ಬೇಕಿಂಗ್ ಪೌಡರ್ ಕಾಲು ಟೀ ಚಮಚ. ಜಾಸ್ತಿ ಕಲಸಿದರೂ ರಬ್ಬರೇ. ಬರೀ ಪೀನಟ್ ಬಟರ್ ಮೆತ್ತಗಾಗುತ್ತೆ ಅಷ್ಟೇ, ಹರಿಯಲ್ಲ. ಒಂದು ಟೀ ಚಮಚಕ್ಕೆ ಎರಡು ತುಂಡು ಚಾಕೊಲೇಟ್ ಸೇರಿಸಿ ನಡುವೆ ಹುದುಗಿಸಿ, ತಳ ಮುಟ್ಟಿಸಬೇಡಿ. ಚಿಕ್ಕಮಗಳೂರಲ್ಲಿದ್ದು ಡಿಕಾಕ್ಷನ್ ಬಿಡೋದುಂಟೇ? ಒಂದು ದೊಡ್ಡ ಚಮಚ ಹಾಲಿನ ಬದಲು ಅದನ್ನೇ ಹಾಕಿದರೆ ಕೋಕೋ ರುಚಿ ಇನ್ನೂ ಗಾಢ.