ಪ್ರೈವೇಟ್ ಕೀ ಊಹಿಸಿ ತೆಗೆಯುವುದು ಆಗುವ ಮಾತಾ? ಸಿಕ್ಕಿದರೆ ಅದು ಯಾರದ್ದು?

ಮುಳ್ಳೇರಿಯ_ಪೇಟೆ

ಎರಡು ಪ್ರಶ್ನೆ ಉಂಟು, ಒಂದಕ್ಕೊಂದು ತಾಗಿಕೊಂಡದ್ದು.

ಟೆಲಿಗ್ರಾಂ ಗುಂಪುಗಳಲ್ಲಿ ‘ಕೀ ಫೈಂಡರ್’ ಎಂದು ಸಾಫ್ಟ್‌ವೇರ್ ಮಾರ್ತಾರೆ. ಗ್ರಾಫಿಕ್ಸ್ ಕಾರ್ಡ್ ಇರುವ ಕಂಪ್ಯೂಟರಿನಲ್ಲಿ ಓಡಿಸಿ ಬಿಟ್ಟರೆ ಬಿಟ್‌ಕಾಯಿನ್ ವಿಳಾಸಗಳ ಪ್ರೈವೇಟ್ ಕೀ (ಆ ವಿಳಾಸದ ಹಣ ತೆಗೆಯುವ ಗುಟ್ಟಿನ ಸಂಖ್ಯೆ) ಊಹಿಸುತ್ತಾ ಹೋಗ್ತದಂತೆ. ಹತ್ತು ವರ್ಷದಿಂದ ಅಲುಗದೆ ಬಿದ್ದ ವಾಲೆಟ್ ಒಂದು ಸಿಕ್ಕಿದರೆ ಸಾಕು, ಅದಕ್ಕೆ ಹೇಗೂ ಯಜಮಾನ ಇಲ್ಲ ಎನ್ನುವ ವಾದ. ಇದು ನಡೆಯುವ ಕೆಲಸವಾ? ನಡೆದರೆ ತಪ್ಪಾ?

ಇನ್ನೊಂದು ಮನೆಯದ್ದೇ. ಭಾವ ದುಬೈಯಲ್ಲಿದ್ದಾಗ ಮಾಡಿದ ವಾಲೆಟ್. ವಾಲೆಟ್ ಪುನಃ ತೆರೆಯುವ 12 ಗುಟ್ಟಿನ ಪದಗಳನ್ನು (ಸೀಡ್) ಡೈರಿಯಲ್ಲಿ ಕನ್ನಡ ಅಕ್ಷರದಲ್ಲಿ ಬರೆದಿಟ್ಟಿದ್ದಾರೆ. ಮಳೆಗಾಲದ ತೇವಕ್ಕೆ ಶಾಯಿ ಹರಡಿ 5ನೆಯದ್ದೂ 9ನೆಯದ್ದೂ ಓದ್ಲಿಕ್ಕೆ ಆಗುವುದಿಲ್ಲ. ಎರಡು ಪದ ಊಹಿಸ್ಲಿಕ್ಕೆ ಆಗ್ತದೆ ಎಂದಾದರೆ ಇಡೀ ಕೀ ಯಾಕೆ ಆಗುವುದಿಲ್ಲ?

ಕುಂಬಳೆ_ಕೋಟೆ

ಮೊದಲ ಪ್ರಶ್ನೆಗೆ ಲೆಕ್ಕವೇ ಉತ್ತರ ಮಾರಾಯ್ರೆ. ಪ್ರೈವೇಟ್ ಕೀ ಎಂದರೆ 256 ಬಿಟ್‌ನ ಒಂದು ಸಂಖ್ಯೆ. ಅದರಿಂದ ಪಬ್ಲಿಕ್ ಕೀ (ಬೇರೆಯವರಿಗೆ ಕಾಣಬಹುದಾದ ಜೋಡಿ ಸಂಖ್ಯೆ), ಅದನ್ನು ಹಿಂದೆ ತಿರುಗಿಸಲಾಗದ ಎರಡು ಸೂತ್ರ, ಶಾ-256ರಲ್ಲೂ ರೈಪ್‌ಎಂಡಿ-160ರಲ್ಲೂ ಹಾಯಿಸಿದರೆ ಹಳೇ ನಮೂನೆಯ ವಿಳಾಸ. ವಿಳಾಸ 160 ಬಿಟ್ ಮಾತ್ರ ಆದ ಕಾರಣ ಯಜಮಾನನ ಕೀಯೇ ಬೇಕೆಂದಿಲ್ಲ, ಅದೇ ವಿಳಾಸ ಕೊಡುವ ಯಾವ ಕೀ ಆದರೂ ನಡೀತದೆ. ಹಾಗಾಗಿ ಹುಡುಕುವ ಜಾಗ 2ರ ಘಾತ 160, ಅಂದರೆ ಸುಮಾರು 1.46 × 10⁴⁸.

ಹಣ ಇರುವ ವಿಳಾಸ 10 ಕೋಟಿ ಎಂದು ಧಾರಾಳವಾಗಿಯೇ ಹಿಡಿಯುವ, ಯಾವುದು ಸಿಕ್ಕಿದರೂ ಆದೀತು. ಆಗ 1.46 × 10⁴⁰ ಪ್ರಯತ್ನ. ಒಳ್ಳೆಯ ಕಾರ್ಡೊಂದು ಸೆಕೆಂಡಿಗೆ 100 ಕೋಟಿ ಕೀ ನೋಡ್ತದೆ ಎಂದಿಟ್ಟರೆ 4.6 × 10²³ ವರ್ಷ. ಒಂದು ಕೋಟಿ ಕಾರ್ಡ್ ಒಟ್ಟಿಗೆ ಓಡಿಸಿದರೂ ವಿಶ್ವದ ಪ್ರಾಯದ, ಅಂದರೆ 1,380 ಕೋಟಿ ವರ್ಷದ, 33 ಲಕ್ಷ ಪಟ್ಟು. ಹೊಸ ಬಿಟ್‌ಕಾಯಿನ್ ಗಳಿಸುವ ಮೈನಿಂಗ್ ಯಂತ್ರ ಬಳಸಬಹುದಲ್ಲಾ ಎಂದು ಕೇಳುವವರಿದ್ದಾರೆ. ಆಗುವುದಿಲ್ಲ. ಅದರ ಚಿಪ್ಪಿಗೆ ಗೊತ್ತಿರುವುದು ಶಾ-256 ಎರಡೆರಡು ಸಲ ಮಾಡುವುದು ಮಾತ್ರ. ಪಬ್ಲಿಕ್ ಕೀ ಹುಟ್ಟಿಸುವ ವಕ್ರರೇಖೆಯ ಗುಣಾಕಾರ ಅದರಲ್ಲಿ ಇಲ್ಲ.

ಕರೆಂಟಿನ ಲೆಕ್ಕವನ್ನೂ ಹಾಕಿ. 350 ವ್ಯಾಟ್‌ನ ಕಾರ್ಡ್ ಹಗಲೂ ರಾತ್ರಿ ಓಡಿದರೆ ದಿನಕ್ಕೆ 8.4 ಯೂನಿಟ್, ತಿಂಗಳಿಗೆ 252. ಕೇರಳದ ವಿದ್ಯುತ್ ಮಂಡಳಿ ಕೆಎಸ್‌ಇಬಿಯಲ್ಲಿ ತಿಂಗಳಿಗೆ 250 ದಾಟಿದರೆ ಸ್ಲ್ಯಾಬ್ ಸವಲತ್ತು ಹೋಗಿ ಮೊದಲ ಯೂನಿಟ್‌ನಿಂದಲೇ ಮೇಲಿನ ದರ. ಫ್ಯಾನು, ಫ್ರಿಜ್ಜು, ಪಂಪು ಇನ್ನೂ ಲೆಕ್ಕಕ್ಕೇ ಬಂದಿಲ್ಲ.

ಎಲ್ಲಿಯವರೆಗೆ ಆಗ್ತದೆ ಎಂದು ತಿಳಿಯಲು 2015ರಿಂದ ಇರುವ ಬಿಟ್‌ಕಾಯಿನ್ ಪಝಲ್ ನೋಡಿ. ಬೇಕೆಂದೇ ಸಣ್ಣ ಸಣ್ಣ ಕೀ ಇಟ್ಟು ಹಣ ಹಾಕಿದ ವಿಳಾಸಗಳ ಸಾಲು ಅದು. ಒಂದೊಂದಕ್ಕೂ ಹಿಂದಿನದ್ದಕ್ಕಿಂತ ಒಂದು ಬಿಟ್ ಜಾಸ್ತಿ, ಅಂದರೆ ಕೆಲಸ ಎರಡು ಪಟ್ಟು. 66 ಬಿಟ್‌ನದ್ದು ಬಿದ್ದದ್ದು, ಅಂದರೆ ಕೀ ಸಿಕ್ಕಿದ್ದು, 2024ರಲ್ಲಿ. ಅದೇ ವರ್ಷ 130 ಬಿಟ್‌ನದ್ದೂ ಬಿತ್ತು ಎಂದು ಕೇಳಿ ಕೆಲವರು ಬೆಚ್ಚುತ್ತಾರೆ. ಅಲ್ಲಿ ಪಬ್ಲಿಕ್ ಕೀ ಮೊದಲೇ ಬಯಲಾಗಿತ್ತು. ಪಬ್ಲಿಕ್ ಕೀ ಗೊತ್ತಿದ್ದರೆ ಪೊಲಾರ್ಡ್‌ನ ಕಾಂಗರೂ ವಿಧಾನದಲ್ಲಿ ಘಾತ ಅರ್ಧಕ್ಕೆ ಇಳೀತದೆ: 130 ಬಿಟ್‌ಗೆ 2ರ ಘಾತ 65ರಷ್ಟು ಹೆಜ್ಜೆ. ಪೂರ್ತಿ 256 ಬಿಟ್‌ನ ಕೀಗೆ ಅದೇ ವಿಧಾನದಲ್ಲಿ 2ರ ಘಾತ 128, ಅದು ಯಾರ ಕೈಗೂ ಎಟುಕುವುದಲ್ಲ.

ಇನ್ನೊಂದು ತಮಾಷೆ. 66 ಬಿಟ್‌ನ ಕೀ ಕಷ್ಟಪಟ್ಟು ಹುಡುಕಿ ಹಣ ತೆಗೆಯುವ ವ್ಯವಹಾರ ನೆಟ್‌ವರ್ಕಿಗೆ ಬಿಟ್ಟ ಕ್ಷಣಕ್ಕೆ ಪಬ್ಲಿಕ್ ಕೀ ಎಲ್ಲರಿಗೂ ಕಾಣ್ತದೆ. ಕಾಂಗರೂವಿಗೆ ಅದು 2ರ ಘಾತ 33ರ ಕೆಲಸ, ಸೆಕೆಂಡುಗಳಲ್ಲಿ ಮುಗೀತದೆ. ಕಾದು ಕೂತ ಬಾಟ್‌ಗಳು (ತಾವಾಗಿ ಓಡುವ ಪ್ರೋಗ್ರಾಮುಗಳು) ಹೆಚ್ಚು ಫೀ ಕೊಟ್ಟು ಅದೇ ಹಣವನ್ನು ತಮ್ಮ ಕಡೆ ತಿರುಗಿಸುತ್ತವೆ.

ಅಕ್ಕಲಕೋಟ_ಸೀಮಿ

ಲೆಕ್ಕ ಬರೋಬ್ಬರಿ ಅದ ರೀ. ಆದ್ರ ‘ಯಾರದೂ ಕೀ ಊಹಿಸಾಕ ಆಗಂಗಿಲ್ಲ’ ಅಂತ ತಿಳ್ಕೊಂಡ್ರ ಅದೂ ತಪ್ಪು. 256 ಬಿಟ್ ಅನ್ನೋದು ಕೀ ಖರೇನ ರ್‍ಯಾಂಡಮ್ ಆಗಿ ಹುಟ್ಟಿದ್ರ ಮಾತ್ರ. ಹುಟ್ಟಿಸೋ ಜಾಗಾದಾಗ ಸೋರಿಕಿ ಇದ್ರ ಉಳಿದ ಗ್ವಾಡಿ ಎಷ್ಟು ಗಟ್ಟಿ ಇದ್ದು ಏನ್ ಮಾಡೋದು?

ಬ್ರೇನ್ ವಾಲೆಟ್ ಅಂತ ಇತ್ತು, ಒಂದು ವಾಕ್ಯವನ್ನ ಶಾ-256ಕ್ಕ ಹಾಕಿ ಬಂದದ್ದನ್ನ ಕೀ ಅನ್ನೋದು. ಜನ ಗಾದಿ ಮಾತು, ಹಾಡಿನ ಸಾಲು, ಒಂದೇ ಶಬ್ದ ಹಾಕಿಟ್ರು. 2016ರ ಒಂದು ಸಂಶೋಧನಾ ಪ್ರಬಂಧದಾಗ ಇಂಥವು 884 ಸಿಕ್ಕಾವ. ಬಹಳಷ್ಟು 24 ತಾಸಿನೊಳಗ ಖಾಲಿ ಆಗಿದ್ವು. 2019ರಾಗ ಇಥೀರಿಯಂ ಅನ್ನೋ ಬ್ಯಾರೆ ಕ್ರಿಪ್ಟೊ ಜಾಲದ ಮ್ಯಾಲಿನ ಇನ್ನೊಂದು ಅಧ್ಯಯನದಾಗ 1, 2, 3 ಥರದ ದುರ್ಬಲ ಕೀ 732 ಕಂಡ್ವು. ಅದಕ್ಕಿಂತ ಕೆಟ್ಟದ್ದು ಸಾಫ್ಟ್‌ವೇರಿನ ಒಳಗಿನ ಹುಳುಕು. ಚಂದ ಕಾಣೋ ವಿಳಾಸ ಹುಟ್ಟಿಸೋ ಪ್ರೊಫ್ಯಾನಿಟಿ ಅನ್ನೋ ಸಾಧನ 256 ಬಿಟ್ ಕೀಯನ್ನ 32 ಬಿಟ್ ಬೀಜದಿಂದ (ಶುರುವಿನ ಸಂಖ್ಯೆಯಿಂದ) ಎಬ್ಬಿಸ್ತಿತ್ತು. 2022ರ ಸೆಪ್ಟೆಂಬರ್‌ನ್ಯಾಗ ವಿಂಟರ್‌ಮ್ಯೂಟ್ ಕಂಪನಿ ಸುಮಾರು 16 ಕೋಟಿ ಡಾಲರ್ ಕಳಕೊಂಡಿದ್ದು ಇದರಿಂದ. 2023ರಾಗ ಬಯಲಾದ ಲಿಬ್‌ಬಿಟ್‌ಕಾಯಿನ್ ಎಕ್ಸ್‌ಪ್ಲೋರರ್ ಅನ್ನೋ ವಾಲೆಟ್ ಸಾಧನದ ದೋಷಾನೂ ಅದೇ ಜಾತಿ: ಗಡಿಯಾರದ 32 ಬಿಟ್‌ನಿಂದ ಸೀಡ್. 32 ಬಿಟ್ ಅಂದ್ರ 429 ಕೋಟಿ ಸಾಧ್ಯತೆ ಅಷ್ಟ, ಅದು ಊಹೆಗೆ ಸಿಗೋ ಅಳತಿ.

ಇನ್ನ ಟೆಲಿಗ್ರಾಂ ಸಾಫ್ಟ್‌ವೇರ್. ಪರದಿ ಮ್ಯಾಲ ವಿಳಾಸ ಸರಸರ ಓಡ್ತಾವ, ಎಲ್ಲಾ ಬ್ಯಾಲೆನ್ಸ್ ಸೊನ್ನಿ, ಎರಡು ದಿನಕ್ಕ ‘0.8 ಬಿಟ್‌ಕಾಯಿನ್ ಸಿಕ್ತು’ ಅಂತ ಹಸಿರು ಸಾಲು, ಅದನ್ನ ಬಿಡಿಸಾಕ ‘ಪ್ರೊ ಲೈಸೆನ್ಸ್’ ರೊಕ್ಕ ಕೊಡ್ರಿ. ಖರೇ ಹುಡುಕೋ ಸಾಧನ ಒಂದೊಂದು ವಿಳಾಸಕ್ಕ ಇಂಟರ್ನೆಟ್ಟಿಗಿ ಹೋಗಿ ಬ್ಯಾಲೆನ್ಸ್ ಕೇಳಂಗಿಲ್ಲ, ಅಷ್ಟು ನಿಧಾನ ಅದಕ್ಕ ನಡಿಯಂಗಿಲ್ಲ. ಹಣ ಇರೋ ವಿಳಾಸಗಳ ಪಟ್ಟಿ ಮೆಮರಿಯಾಗ ಇಟ್ಕೊಂಡು ಹೊಂದಿಸಿ ನೋಡ್ತದ. ಹಾಂಗಾಗಿ ಸಾಲುಸಾಲು ‘ಬ್ಯಾಲೆನ್ಸ್ 0’ ತೋರಸೋದು ಕಂಡ್ರ ಅದು ಬರೇ ಬೊಂಬಿಯಾಟ. ಬಹಳ ಸಲ ಒಳಗ ಕ್ಲಿಪ್‌ಬೋರ್ಡ್ ಬದಲಾಯಿಸೋ ಕಳ್ಳ ಪ್ರೋಗ್ರಾಮೂ ಇರ್ತದ: ನೀವು ಕಾಪಿ ಮಾಡಿದ ವಿಳಾಸದ ಜಾಗಾಕ್ಕ ಅವರದು ಅಂಟಿಸ್ತದ.

ಯಾರರೇ ಸೀಡ್ ಪದ ‘ಗೊತ್ತಿಲ್ಲದ’ ಬಹಿರಂಗ ಹಾಕಿ, ಒಳಗ ಟ್ರಾನ್ ಅನ್ನೋ ಜಾಲದ ಮ್ಯಾಲಿನ ಯುಎಸ್‌ಡಿಟಿ (ಡಾಲರ್ ಬೆಲಿಗೆ ಕಟ್ಟಿದ ಕ್ರಿಪ್ಟೊ) ಕಂಡ್ರ ಅದೂ ಬಲಿ. ಹಣ ತೆಗೀಲಿಕ್ಕ ಫೀಗೆ ಆ ಜಾಲದ ನಾಣ್ಯ ಟಿಆರ್‌ಎಕ್ಸ್ ಬೇಕು, ನೀವು ಹಾಕ್ತೀರಿ. ಖಾತೆಯ ಸಹಿ ಹಕ್ಕನ್ನ ಮೊದಲ ಬ್ಯಾರೆ ಕೀಗೆ ವರ್ಗಾ ಮಾಡಿಟ್ಟಿರ್ತಾರ. ನಿಮ್ಮ ಟಿಆರ್‌ಎಕ್ಸ್ ಹೋತು, ಯುಎಸ್‌ಡಿಟಿ ಅಲ್ಲೇ.

ಮಂಜೇಶ್ವರ_ರೈಲ್ವೆಗೇಟ್

ಡೈರಿಯ ವಿಷಯಕ್ಕೆ ಬರ್ತೇನೆ, ಅದು ಆಗುವ ಕೆಲಸ.

ವಾಲೆಟ್‌ಗಳು ಪದ ಆರಿಸುವ ಬಿಐಪಿ-39 ಎಂಬ ಪಟ್ಟಿಯಲ್ಲಿ 2,048 ಪದ. ಎರಡು ಪದ ಹೋದರೆ 41,94,304 ಜೋಡಿ. 12 ಪದದ ಒಳಗೆ 4 ಬಿಟ್ ಚೆಕ್‌ಸಮ್ (ಪದಗಳು ಸರಿಯಾ ಎಂದು ತಾಳೆ ನೋಡುವ ಭಾಗ) ಇರುವ ಕಾರಣ 16ರಲ್ಲಿ ಒಂದು ಮಾತ್ರ ಪಾಸ್, ಉಳಿಯುವುದು 2,62,144. ಅವುಗಳಲ್ಲಿ ಪ್ರತಿಯೊಂದಕ್ಕೂ ಪಿಬಿಕೆಡಿಎಫ್2 ಎಂಬ ಕ್ರಿಯೆಯನ್ನು 2,048 ಸುತ್ತು ಓಡಿಸಬೇಕು, ಸಮಯ ತಿನ್ನುವುದು ಅದೇ. ಸೆಕೆಂಡಿಗೆ 1,000 ಎಂದು ಕಡಿಮೆಯೇ ಹಿಡಿದರೂ ನಾಲ್ಕೂವರೆ ನಿಮಿಷ. ಅದೇ ವೇಗಕ್ಕೆ ಮೂರು ಪದ ಹೋದರೆ ಆರು ದಿನ ಚಿಲ್ಲರೆ, ನಾಲ್ಕು ಹೋದರೆ ಸುಮಾರು 35 ವರ್ಷ. 12 ಪದವೂ ಇದ್ದು ಕ್ರಮ ಮಾತ್ರ ಕಲಸಿದರೆ ಎಂಟು ಗಂಟೆ ಚಿಲ್ಲರೆ. 24 ಪದದ ಕ್ರಮ ಕಲಸಿದರೆ ಆಸೆ ಬಿಡಬೇಕು.

ನಿಮ್ಮ ನಿಜವಾದ ತೊಂದರೆ ಅಳಿಸಿದ ಪದದಲ್ಲಿ ಅಲ್ಲ, ಉಳಿದ ಹತ್ತರಲ್ಲಿ. ಪಟ್ಟಿ ಯಾವ ಭಾರತೀಯ ಭಾಷೆಯಲ್ಲೂ ಇಲ್ಲ. ಭಾವ ಬರೆದದ್ದು ಇಂಗ್ಲಿಷ್ ಪದಗಳ ಉಚ್ಚಾರ. ಕನ್ನಡದಲ್ಲಿ ‘ರೈಟ್’ ಎಂದಿದ್ದರೆ ಅದು ಬಲಗಡೆಯ ರೈಟೂ ಆಗಬಹುದು, ಬರೆಯುವ ರೈಟೂ ಆಗಬಹುದು, ಎರಡೂ ಪಟ್ಟಿಯಲ್ಲಿವೆ. ‘ಪೀಸ್’ ಶಾಂತಿಯೋ ತುಂಡೋ, ‘ಪೇರ್’ ಜೋಡಿಯೋ ಹಣ್ಣೋ, ‘ವೇರ್’ ಎಲ್ಲಿಯೋ ತೊಡುವುದೋ, ಇವೂ ಹಾಗೆಯೇ. ದೀರ್ಘ ಬಿಟ್ಟು ಬರೆಯುವ ಅಭ್ಯಾಸ ಇದ್ದರೆ ‘ವೆಸ್ಟ್’ ಮತ್ತು ‘ವೇಸ್ಟ್’, ‘ಪುಲ್’ ಮತ್ತು ‘ಪೂಲ್’ ಸಹ. ಸಂಶಯ ಇರುವ ಜಾಗಕ್ಕೆಲ್ಲ ಎರಡೂ ಪದ ಕೊಡಿ.

ಮಾಡುವ ಕ್ರಮ: ಬಿಟಿಸಿರಿಕವರ್ ಎಂಬ ಮುಕ್ತ ಸಾಧನ ಉಂಟು. ಅದನ್ನೂ ಅದಕ್ಕೆ ಬೇಕಾದ ಪೈಥಾನ್ ಕಡತಗಳನ್ನೂ ಪೆನ್‌ಡ್ರೈವಿನಲ್ಲಿ ಇಳಿಸಿಕೊಂಡು, ಲೈವ್ ಉಬುಂಟುವಿನಲ್ಲಿ (ಪೆನ್‌ಡ್ರೈವಿನಿಂದಲೇ ಓಡುವ ಆಪರೇಟಿಂಗ್ ಸಿಸ್ಟಂ) ಎಬ್ಬಿಸಿದ ಲ್ಯಾಪ್‌ಟಾಪಿನಲ್ಲಿ, ವೈಫೈ ಆಫ್ ಮಾಡಿ ಓಡಿಸಿ. ಫೋನಿನಲ್ಲಿ ಪದ ಟೈಪ್ ಮಾಡಬೇಡಿ, ಕೀಬೋರ್ಡ್ ಆ್ಯಪ್ ಅದನ್ನು ನೆನಪಿಟ್ಟುಕೊಳ್ತದೆ. ಫೋಟೋ ಸಹ ಬೇಡ, ಅದು ಕ್ಲೌಡಿಗೆ ಏರ್ತದೆ. ಮೊದಲು ಹೊಸದೊಂದು ಖಾಲಿ ವಾಲೆಟ್ ಮಾಡಿ, ಅದರ ಎರಡು ಪದ ಮುಚ್ಚಿಟ್ಟು ಸಾಧನ ಹುಡುಕಿಕೊಡ್ತದಾ ನೋಡಿ. ಅದೇ ಸಿಗದಿದ್ದರೆ ಸೆಟ್ಟಿಂಗ್ ತಪ್ಪಿದೆ ಎಂದರ್ಥ.

ಹೊಂದಿಸಿ ನೋಡಲು ಆ ವಾಲೆಟ್ಟಿನ ಒಂದಾದರೂ ವಿಳಾಸ ಬೇಕು. ಎಕ್ಸ್‌ಚೇಂಜಿನಿಂದ ಕಳಿಸಿದ್ದರೆ ಅಲ್ಲಿಯ ವಿತ್‌ಡ್ರಾವಲ್ ಪಟ್ಟಿಯಲ್ಲಿ ಇರ್ತದೆ. ವಿಳಾಸ ‘1’ರಿಂದ ಶುರುವಾದರೆ ಬಿಐಪಿ-44 ದಾರಿ (ಪದಗಳಿಂದ ವಿಳಾಸ ಹುಟ್ಟಿಸುವ ಕ್ರಮ), ‘3’ ಆದರೆ ಹೆಚ್ಚಾಗಿ 49, ‘ಬಿಸಿ1ಕ್ಯೂ’ (bc1q) ಆದರೆ 84. ಇಲ್ಲಿ ತಪ್ಪಿದರೆ ಸರಿಯಾದ ಪದಗಳೂ ‘ಸಿಗಲಿಲ್ಲ’ ಎಂದೇ ತೋರಿಸ್ತವೆ. ವಿಳಾಸ ಸಾಲಿನಲ್ಲಿ ಏಳನೆಯದ್ದೋ ಹತ್ತನೆಯದ್ದೋ ಆಗಿರಬಹುದು, ಎಷ್ಟು ವಿಳಾಸ ನೋಡಬೇಕೆಂಬ ಮಿತಿಯನ್ನು 20ಕ್ಕೆ ಏರಿಸಿ. ಓಟ ಸ್ವಲ್ಪ ನಿಧಾನವಾಗ್ತದೆ ಅಷ್ಟೆ. ಎಲೆಕ್ಟ್ರಂ ಎಂಬ ವಾಲೆಟ್ಟಿನ ಸೀಡ್ ಬಿಐಪಿ-39 ಅಲ್ಲ, ಅದಕ್ಕೆ ಬೇರೆ ಆಯ್ಕೆ. ಪಾಸ್‌ಫ್ರೇಸ್ ಎಂಬ ಹೆಚ್ಚುವರಿ ಪದ ಇಟ್ಟಿದ್ದರೋ ಎಂದು ಭಾವನಲ್ಲೇ ಕೇಳಿ. ಇಟ್ಟು ಮರೆತಿದ್ದರೆ ಮೇಲಿನ ಲೆಕ್ಕ ಯಾವುದೂ ನಡೆಯುವುದಿಲ್ಲ.

ಮುಳ್ಳೇರಿಯ_ಪೇಟೆ

ಉಪಕಾರ ಆಯ್ತು. 3ನೆಯದ್ದು ‘ರೈಟ್’ ಎಂದೇ ಉಂಟು, 11ನೆಯದ್ದು ‘ಪೇರ್’. ಹಾಗಾದರೆ ಎಷ್ಟು ಹೊತ್ತು?

ಮಂಜೇಶ್ವರ_ರೈಲ್ವೆಗೇಟ್

ಆ ಸಾಲನ್ನು ಈಗಲೇ ಅಳಿಸಿ. ಜಾಗ ಸಹಿತ ಎರಡು ಪದ ಹೇಳಿದಿರಿ, 128 ಬಿಟ್‌ನಲ್ಲಿ ಸುಮಾರು 20 ಹೋಯ್ತು. 108 ಉಳಿದಿದೆ, ಅಪಾಯ ಇಲ್ಲ. ಆದರೆ ಹೀಗೆಯೇ ಒಂದೊಂದು ಪದ ಕೇಳುತ್ತಾ ಹೋಗುವವರಿದ್ದಾರೆ. ‘ಪದ ಕಳಿಸಿ, ತೆಗೆದುಕೊಡ್ತೇನೆ’ ಎಂದು ಖಾಸಗಿ ಮೆಸೇಜು ಬಂದರೆ ಉತ್ತರ ಬೇಡ.

ಎರಡು ಸಂಶಯದ ಪದಕ್ಕೆ ನಾಲ್ಕು ಪಟ್ಟು: 10,48,576 ಪರೀಕ್ಷೆ, ಹದಿನೇಳೂವರೆ ನಿಮಿಷ.

ಹೊಸೂರು_ಗಡಿ

ನೀತಿಯ ಪ್ರಶ್ನೆಗೆ ಯಾರೂ ಕೈ ಹಾಕಿಲ್ಲ. ಭಾವನ ಒಪ್ಪಿಗೆ ಇದೆ, ಅದು ಅವರದೇ ಸ್ವತ್ತು, ಅಲ್ಲಿ ತಕರಾರಿಲ್ಲ. ಒಪ್ಪಿಗೆಯನ್ನು ವಾಟ್ಸಾಪಿನಲ್ಲಾದರೂ ಬರಹದಲ್ಲಿ ಇಟ್ಟುಕೊಳ್ಳಿ.

ಅಲುಗದ ವಾಲೆಟ್ಟಿಗೆ ಯಜಮಾನ ಇಲ್ಲ ಅನ್ನೋದು ಬರೀ ನೆಪ. ಪಕ್ಕದವರ ತೋಟದಲ್ಲಿ ಹೆಕ್ಕದೆ ಬಿದ್ದ ಅಡಿಕೆ ಹೆಕ್ಕಿಕೊಳ್ಳೋಕೆ ಯಾರೂ ಬಿಡಲ್ಲ. ಯಜಮಾನ ತೀರಿಕೊಂಡಿದ್ದರೆ ವಾರಸುದಾರರಿರ್ತಾರೆ. ಸುಮ್ಮನೆ ಹತ್ತು ವರ್ಷ ಇಟ್ಟುಕೊಳ್ಳೋದು ಎಷ್ಟೋ ಜನರ ಉಳಿತಾಯದ ಪದ್ಧತಿಯೇ.

ಕಾನೂನೂ ಆ ಕಡೆಗೇ ಇದೆ. ಹಳೆಯ ಐಪಿಸಿಯಲ್ಲಿ ಚರ ಸ್ವತ್ತು ಅಂದರೆ ಮುಟ್ಟಲು ಸಿಗುವಂಥದ್ದು ಅಂತ ಇತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆ ಆ ಮಾತನ್ನು ಬಿಟ್ಟು ‘ಎಲ್ಲ ಬಗೆಯ ಸ್ವತ್ತು’ ಅಂತ ಹಿಗ್ಗಿಸಿತು. ಅದರ ಕಲಂ 303 ಕಳವು, 314 ಅಪ್ರಾಮಾಣಿಕ ದುರುಪಯೋಗ. ಐಟಿ ಕಾಯ್ದೆಯ 66ಸಿ ಬೇರೆಯವರ ಪಾಸ್‌ವರ್ಡ್ ಅಥವಾ ಗುರುತಿನ ಸಂಕೇತವನ್ನು ಅಪ್ರಾಮಾಣಿಕವಾಗಿ ಬಳಸಿದವರಿಗೆ, ಮೂರು ವರ್ಷದವರೆಗೆ ಜೈಲು. 2025ರ ಅಕ್ಟೋಬರ್‌ನಲ್ಲಿ ಮದ್ರಾಸ್ ಹೈಕೋರ್ಟ್ ಕ್ರಿಪ್ಟೊ ಒಂದು ಸ್ವತ್ತೇ ಎಂದಿದೆ. ಅದು ಕೇರಳದ ಕೋರ್ಟನ್ನು ಕಟ್ಟಿಹಾಕಲ್ಲ, ಆದರೆ ವಕೀಲರು ಅದನ್ನು ಎತ್ತದೆ ಬಿಡಲ್ಲ.

ನನಗೆ ಅನುಮಾನ ಇರೋದು ಒಂದೇ ಕಡೆ. ಅಕ್ಕಲಕೋಟದವರು ಹೇಳಿದಂಥ 32 ಬಿಟ್‌ನ ದುರ್ಬಲ ವಾಲೆಟ್ ಕಂಡಿತು, ಇವತ್ತಲ್ಲ ನಾಳೆ ಬಾಟ್ ನುಂಗುತ್ತೆ. ತೆಗೆದು ಜೋಪಾನ ಮಾಡಿ ಯಜಮಾನ ಬಂದಾಗ ಕೊಟ್ಟರೆ?

ಅಕ್ಕಲಕೋಟ_ಸೀಮಿ

ಬ್ಯಾಡ ರೀ. ಯಜಮಾನ ನೋಡಿದಾಗ ಅವನಿಗಿ ಕಾಣೋದು ಕಳವು ಒಂದೇ, ನಿಮ್ಮ ಮನಸಿನ್ಯಾಗ ಏನಿತ್ತು ಅನ್ನೋದು ಬ್ಲಾಕ್‌ಚೈನಿನ ಮ್ಯಾಲ ಬರಿಯಂಗಿಲ್ಲ. ‘ನಂದೇ ಅದು’ ಅಂತ ಹತ್ತು ಮಂದಿ ಬಂದ್ರ ಯಾರಿಗಿ ಕೊಡ್ತೀರಿ? ಕೀ ನಿಮಗೂ ಗೊತ್ತು, ಅವಗೂ ಗೊತ್ತು, ಮೊದಲು ಗೊತ್ತಿದ್ದಾಂವ ಯಾರು ಅಂತ ಕೀಯಿಂದ ಸಾಬೀತು ಆಗಂಗಿಲ್ಲ. ಆ ವಿಳಾಸಕ್ಕ ಹಣ ಎಲ್ಲಿಂದ ಬಂತು ಅನ್ನೋ ಎಕ್ಸ್‌ಚೇಂಜ್ ದಾಖಲೆ ಕೇಳಬೇಕಾಗ್ತದ, ಅದನ್ನ ತರಿಸೋ ಅಧಿಕಾರ ಪೊಲೀಸ್, ಕೋರ್ಟಿಗಿ ಅದ, ನಿಮಗಿಲ್ಲ.

ಮಾಡಬಹುದಾದದ್ದು ಅದ. ವಾಲೆಟ್ ಸಾಫ್ಟ್‌ವೇರ್ ಬರೆದವರಿಗಿ ಗುಟ್ಟಾಗಿ ತಿಳಿಸ್ರಿ, ಅವರು ಸ್ಪಂದಿಸಲಿಲ್ಲ ಅಂದ್ರ ಕೇಂದ್ರ ಸರಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್‌ಗೆ. ವಿಳಾಸಕ್ಕ ಪುಡಿಗಾಸು ಕಳಿಸಿ ಅದರ ಜೋಡಿ ಆಪ್-ರಿಟರ್ನ್ ಅನ್ನೋ ಟಿಪ್ಪಣಿ ಸಾಲಿನ್ಯಾಗ ‘ಕೀ ದುರ್ಬಲ ಅದ, ಬದಲಿಸ್ರಿ’ ಅಂತ ಬರೀಬಹುದು. ಅದಕ್ಕೂ ಒಂದು ತೊಡಕು: ಆ ಸಂದೇಶ ಕಳ್ಳರೂ ಓದ್ತಾರ. ಅದಕ್ಕ ಮೊದಲ ಸಾಫ್ಟ್‌ವೇರಿನವರು, ಆಮ್ಯಾಲ ಇದು.

ಮಂಜೇಶ್ವರ_ರೈಲ್ವೆಗೇಟ್

ಮುಳ್ಳೇರಿಯದವರಿಗೆ ಉಳಿದ ಒಂದು ಮಾತು. ಪದ ಸಿಕ್ಕಿದ ಮೇಲೆ ಅದೇ ವಾಲೆಟ್ ಮುಂದುವರಿಸಬೇಡಿ. ಹಾರ್ಡ್‌ವೇರ್ ವಾಲೆಟ್ಟಿನಲ್ಲಿ (ಕೀ ಇಡಲೆಂದೇ ಇರುವ ಸಣ್ಣ ಸಾಧನ) ಹೊಸ ಸೀಡ್ ಮಾಡಿ, ಮೊದಲು ಸಣ್ಣ ಮೊತ್ತ ಕಳಿಸಿ, ಹೊಸದನ್ನು ಅಳಿಸಿ ಪದಗಳಿಂದ ಪುನಃ ಎಬ್ಬಿಸಿ ನೋಡಿ, ಆಮೇಲೆ ಉಳಿದದ್ದು. ಈ ಸಲ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲೇ ಬರೆಯಿರಿ. ಮೊದಲ ನಾಲ್ಕು ಅಕ್ಷರ ಸಾಕು, ಆ ನಾಲ್ಕರಲ್ಲಿ ಪಟ್ಟಿಯ ಯಾವ ಎರಡು ಪದವೂ ಒಂದೇ ಆಗುವುದಿಲ್ಲ. ಬರೆಯುವುದು ಪೆನ್ಸಿಲಿನಲ್ಲಿ, ಇಲ್ಲವಾದರೆ ಸ್ಟೀಲ್ ತಗಡಿನ ಮೇಲೆ ಕೊರೆಸಿ. ನಮ್ಮ ಕಡೆಯ ಜೂನ್ ತಿಂಗಳಿಗೆ ಜೆಲ್ ಪೆನ್ನಿನ ಶಾಯಿ ತಡೆಯುವುದಿಲ್ಲ.