ಸಹಾಯ ಬೇಕು: ಹುತ್ತದ ಅಣಬೆ ಭಾನುವಾರದವರೆಗೆ ಕೆಡದಂತೆ ಇಡೋದು ಹೇಗೆ?

ಎಲ್ಲರಿಗೂ ನಮಸ್ಕಾರ. ನಮ್ಮದು ತೀರ್ಥಹಳ್ಳಿ ಕಡೆ. ಇವತ್ತು ಬೆಳಿಗ್ಗೆ ತೋಟದಂಚಿನ ಹುತ್ತದ ಹತ್ತಿರ ಅಣಬೆ ಎದ್ದಿತ್ತು, ಸುಮಾರು 2 ಕೆಜಿ ಸಿಕ್ತು. ಅತ್ತೆ ಪ್ರತಿ ಮಳೆಗಾಲ ಅದೇ ಜಾಗದಲ್ಲಿ ಕೀಳೋ ಜಾತಿಯೇ, ಗುರುತಿನ ಬಗ್ಗೆ ಅನುಮಾನ ಇಲ್ಲ. ಅರ್ಧ ಇವತ್ತೇ ಸಾರಿಗೆ. ಉಳಿದದ್ದು ಭಾನುವಾರ ಬೆಂಗಳೂರಿಂದ ಬರೋ ಮಗಳಿಗೆ. ಅವಳು ಇದನ್ನ ತಿಂದು ಮೂರು ವರ್ಷ ಆಯ್ತು.

ಹೋದ ವರ್ಷ ತೊಳೆದು ಪ್ಲಾಸ್ಟಿಕ್ ಕವರಲ್ಲಿ ಕಟ್ಟಿ ಫ್ರಿಜ್ಜಲ್ಲಿಟ್ಟಿದ್ದೆ. ಮಾರನೇ ದಿನ ಕವರೊಳಗೆಲ್ಲ ನೀರು ಬೆವರಿ, ಕೊಡೆ ಕೆಳಗಿನ ಪದರ ಕಂದಾಗಿ ಲೋಳೆಲೋಳೆ. ಅಷ್ಟನ್ನೂ ಎಸೆದೆ. ಈ ಸಲ ತೊಳೆಯದೆ, ಮಣ್ಣು ಮಾತ್ರ ಒರೆಸಿ ಪೇಪರಲ್ಲಿ ಸುತ್ತಿಟ್ಟಿದ್ದೀನಿ. ಇವತ್ತು ಗುರುವಾರ, ಮೂರು ದಿನ ತಡೆಯುತ್ತಾ? ಇಲ್ಲಾ ಅರಿಶಿನ, ಉಪ್ಪು ಹಾಕಿ ಬೇಯಿಸಿ, ತಣಿಸಿ ಫ್ರೀಜರಿಗೆ ಹಾಕೋದು ವಾಸಿನಾ? ಮಾಡಿ ನೋಡಿದವರು ದಯವಿಟ್ಟು ಸಂಜೆಯೊಳಗೆ ಹೇಳಿ.