ಎಫ್‌ಸಿ ಗೋವಾ ಫುಟ್‌ಬಾಲ್ ತಂಡದ ಇಡೀ ಸೀಸನ್ ಕ್ರೀಡಾಂಗಣದಾಗ ನೋಡಬೇಕು, ವಾಸ್ಕೋದಿಂದ ಹೆಂಗ ಹೊಂದಿಸಬೇಕ್ರಿ?

ಝುವಾರಿ_ಬೈಲಹೊಂಗಲ:
ವಾಸ್ಕೋದ ಝುವಾರಿ ನಗರದಾಗ ಇರ್ತೀನ್ರಿ, ಊರು ಬೈಲಹೊಂಗಲ ಕಡೆ. ಮೊಬೈಲ್‌ನಾಗ ಪಂದ್ಯ ನೋಡಿದ್ದು ಸಾಕಾತು. ಬರೋ ಸೀಸನ್‌ಗೆ ಮಡಗಾಂವ್‌ನ ಫಾತೋರ್ಡಾ ಕ್ರೀಡಾಂಗಣದಾಗಿನ ಪಂದ್ಯ ಎಲ್ಲಾ ನೋಡಬೇಕು, ಹೊರಗಿನವು ಮುಂಬೈ ಮತ್ತ ಬೆಂಗಳೂರು ಎರಡು ಮಾಡಬೇಕು ಅಂತ ಐತಿ. ಪಾಳಿ ಕೆಲಸ, ರಜಾ ಮೊದಲ ಹೇಳಿ ಇಡಬೇಕು. ಟಿಕೆಟ್, ರಜಾ, ರೈಲು ಇವನ್ನ ಯಾವಾಗ ಮಾಡಬೇಕು? ಎಲ್ಲಿ ಕುಂತ್ರ ಆಟ ತಿಳೀತೈತಿ? ರಾತ್ರಿ ವಾಪಸ್ ಬರೂದು ಹೆಂಗ? ಮತ್ತ ಒಂದು, ಪಾಯಿಂಟ್ಸ್ ಪಟ್ಟಿ ನೋಡಿ ನಮ್ಮ ಟೀಮು ಖರೇನ ಛಲೋ ಆಡಾಕತ್ತೈತೋ ಇಲ್ಲೋ ಅಂತ ಹೆಂಗ ತಿಳಕೋಬೇಕು?

ಫಾತೋರ್ಡಾ_ಮೇಲ್ಸಾಲು:
ವೇಳಾಪಟ್ಟಿ ಕೈಗೆ ಬರುವ ತನಕ ರಜೆ ಹಾಕಬೇಡಿ. ಬಂದ ಮೇಲೂ ಅದನ್ನು ಶಿಲಾಶಾಸನ ಅಂದುಕೊಳ್ಳಬೇಡಿ. 2025ರ ಜುಲೈನಲ್ಲಿ ಐಎಸ್‌ಎಲ್ (ಗೋವಾ ಆಡುವ ಇಂಡಿಯನ್ ಸೂಪರ್ ಲೀಗ್) ಅನ್ನೇ ತಡೆಹಿಡಿದಿದ್ದರು. ಫೆಡರೇಶನ್‌ಗೂ ಲೀಗ್ ನಡೆಸುವ ಕಂಪನಿಗೂ ಇದ್ದ ಒಪ್ಪಂದ ಆ ಡಿಸೆಂಬರ್‌ಗೆ ಮುಗಿಯುವುದಿತ್ತು, ಮುಂದೇನು ಅಂತ ತೀರ್ಮಾನ ಆಗಿರಲಿಲ್ಲ. ಇಡೀ ಸೀಸನ್‌ಗೇ ಹಾಗಾದ ಮೇಲೆ ಒಂದೊಂದು ಪಂದ್ಯದ ದಿನ, ಹೊತ್ತು ಬದಲಾಗುವುದು ದೊಡ್ಡ ಮಾತಲ್ಲ.

ಪಾಳಿ ಕೆಲಸದವರಿಗೆ ಒಂದು ದಾರಿ ಇದೆ. ಪಂದ್ಯಗಳು ಸಾಮಾನ್ಯವಾಗಿ ಸಂಜೆ ಐದಕ್ಕೆ ಇಲ್ಲವೇ ಏಳೂವರೆಗೆ. ಪೂರ್ತಿ ರಜೆ ಕೇಳುವ ಬದಲು ಆ ವಾರಕ್ಕೆ ಬೆಳಗಿನ ಪಾಳಿ ಕೇಳಿಕೊಳ್ಳಿ. ಉಳಿದ ರಜೆ ಹೊರಗಿನ ಎರಡು ಪಂದ್ಯಕ್ಕೆ ಇರಲಿ. ಫಿಫಾ ಬಿಡುವಿನ (ದೇಶಗಳ ತಂಡಗಳು ಆಡುವ) ದಿನಗಳನ್ನು ಮೊದಲೇ ಗುರುತು ಹಾಕಿಕೊಳ್ಳಿ, ಆಗ ಲೀಗ್ ನಿಂತಿರುತ್ತದೆ. ಸೆಪ್ಟೆಂಬರ್, ಅಕ್ಟೋಬರ್ ಅಂತ ಎರಡಿದ್ದ ಬಿಡುವು 2026ರಿಂದ ಕೂಡಿ ಒಂದೇ ಉದ್ದನೆಯದು ಆಗಿದೆ.

ಸೀಸನ್ ಟಿಕೆಟ್ ಮಾರಾಟಕ್ಕೆ ಬಂದರೆ ಮೊದಲು ಎರಡು ವಿಷಯ ಓದಿ: ಪ್ಲೇಆಫ್ (ಲೀಗ್ ಮುಗಿದ ಮೇಲೆ ಮೇಲಿನ ತಂಡಗಳ ನಾಕೌಟ್) ಅದರಲ್ಲಿ ಸೇರಿದೆಯೇ, ಏಷ್ಯಾ ಮಟ್ಟದ ಪಂದ್ಯ ಸೇರಿದೆಯೇ. ಇವೆರಡೂ ಬೇರೆ ಮಾರಾಟಕ್ಕೆ ಹೋದರೆ ಸೀಸನ್ ಟಿಕೆಟ್ ಇದ್ದವರೂ ಮತ್ತೆ ಸರದಿಯಲ್ಲಿ ನಿಲ್ಲಬೇಕಾಗುತ್ತದೆ. ಎದುರಿನ ತಂಡದ ತಾರೆಯನ್ನು ನಂಬಿಕೊಂಡು ಮಾತ್ರ ದುಡ್ಡು ಹಾಕಬೇಡಿ. 2025ರ ಅಕ್ಟೋಬರ್ 22ರಂದು ರೊನಾಲ್ಡೊ ಇರುವ ಸೌದಿ ತಂಡ ಅಲ್ ನಸ್ರ್ ಏಷ್ಯಾ ಮಟ್ಟದ ಪಂದ್ಯಕ್ಕೆ ಫಾತೋರ್ಡಾಕ್ಕೆ ಬಂತು, ರೊನಾಲ್ಡೊ ಬರಲಿಲ್ಲ. ಗೋವಾಕ್ಕಾಗಿ ಬಂದವರಿಗೆ 1-2ರ ಸೋಲಿನಲ್ಲೂ ಬ್ರಿಸನ್ ಫರ್ನಾಂಡಿಸ್ ಹೊಡೆದ ಗೋಲು ಸಿಕ್ಕಿತು. ನಮ್ಮ ಹುಡುಗ ಅಂಥ ತಂಡಕ್ಕೆ ಗೋಲು ಹೊಡೆಯುವುದನ್ನು ನೋಡುವುದಕ್ಕಿಂತ ದೊಡ್ಡದು ಏನಿದೆ?

ಕೂರುವ ಜಾಗ: ಗೋಲಿನ ಹಿಂದೆ ಡೋಲು, ಹಾಡು, ಬಾವುಟ ಎಲ್ಲ ಇರುತ್ತದೆ. ಆದರೆ ಅಲ್ಲಿಂದ ಅಂಗಳದ ಅಗಲ ಕಾಣುತ್ತದೆಯೇ ಹೊರತು ಉದ್ದ ಕಾಣುವುದಿಲ್ಲ. ಡಿಫೆನ್ಸಿಗೂ ಮಿಡ್‌ಫೀಲ್ಡಿಗೂ ನಡುವೆ ಎಷ್ಟು ಜಾಗ ಬಿಟ್ಟಿದ್ದಾರೆ ಅನ್ನುವುದು ತಿಳಿಯಬೇಕಾದರೆ ಪಕ್ಕದ ಸ್ಟ್ಯಾಂಡಿನಲ್ಲಿ, ಅರ್ಧ ಗೆರೆಯ ಆಚೀಚೆ, ಆದಷ್ಟು ಮೇಲಿನ ಸಾಲು ಹಿಡಿಯಿರಿ. ಮೊದಲ ಹತ್ತು ನಿಮಿಷ ಚೆಂಡನ್ನು ಬಿಟ್ಟು ನಮ್ಮ ಇಬ್ಬರು ಫುಲ್‌ಬ್ಯಾಕ್‌ಗಳನ್ನು (ಎಡ, ಬಲ ಅಂಚಿನ ಡಿಫೆಂಡರ್‌ಗಳು) ಮಾತ್ರ ನೋಡಿ. ಇಬ್ಬರೂ ಒಟ್ಟಿಗೆ ಮೇಲೆ ಹೋಗುತ್ತಿದ್ದು, ಹಿಂದೆ ಬರೀ ಇಬ್ಬರು ಸ್ಟಾಪರ್‌ಗಳೇ (ನಡುವಿನ ಡಿಫೆಂಡರ್‌ಗಳು) ಉಳಿಯುತ್ತಿದ್ದರೆ ಗೋಲು ಎಲ್ಲಿಂದ ಬೀಳಬಹುದು ಅಂತ ಮೊದಲೇ ಗೊತ್ತಾಗುತ್ತದೆ.

ವಾಪಸು ಬರುವುದು: ಕದಂಬ ಬಸ್ ನಿಲ್ದಾಣ ಕ್ರೀಡಾಂಗಣಕ್ಕೆ ಹತ್ತಿರವೇ ಇದೆ, ಹೋಗುವಾಗ ತೊಂದರೆ ಇಲ್ಲ. ಏಳೂವರೆ ಪಂದ್ಯ ಮುಗಿಯುವಾಗ ಒಂಬತ್ತೂಕಾಲು ದಾಟಿರುತ್ತದೆ, ಆ ಹೊತ್ತಿಗೆ ಮಡಗಾಂವ್‌ನಿಂದ ವಾಸ್ಕೋಗೆ ಬಸ್ಸನ್ನು ನೆಚ್ಚಿಕೊಳ್ಳುವ ಹಾಗಿಲ್ಲ. ಬೈಕಿನಲ್ಲಿ ಬನ್ನಿ, ಇಲ್ಲವೇ ನಾಲ್ಕು ಜನ ಸೇರಿ ಒಂದು ಗಾಡಿ ಮಾಡಿ. ಹೆಲ್ಮೆಟ್ ಒಳಗೆ ಬಿಡುವುದಿಲ್ಲ, ಗೇಟಿನಲ್ಲಿ ಇಟ್ಟುಕೊಳ್ಳುವವರೂ ಇರುವುದಿಲ್ಲ. ಒಂದು ಮೀಟರ್ ಉದ್ದದ ಕೇಬಲ್ ಲಾಕ್ ತಂದು, ಪೂರ್ತಿ ಮುಖ ಮುಚ್ಚುವ ಹೆಲ್ಮೆಟ್ ಆದರೆ ಗಲ್ಲದ ಭಾಗದ ಒಳಗಿಂದ ಕೇಬಲ್ ತೂರಿಸಿ, ಹಿಂಬದಿ ಹಿಡಿಕೆಗೆ ಸುತ್ತಿ ಬೀಗ ಹಾಕಿ. ಬರೀ ಪಟ್ಟಿಗೆ ಹಾಕಿದರೆ ಬ್ಲೇಡಿನಿಂದ ಕತ್ತರಿಸಿ ಒಯ್ಯುತ್ತಾರೆ. ಪವರ್ ಬ್ಯಾಂಕ್, ನೀರಿನ ಬಾಟಲಿ, ಲೈಟರ್ ಗೇಟಿನಲ್ಲೇ ಹೋಗುತ್ತವೆ, ತರಲೇಬೇಡಿ.

ಲೆಕ್ಕದ_ಪುಸ್ತಕ_ಪುಣೆ:
ಪಟ್ಟಿಯ ಬಗ್ಗೆ ನಾನು ಹೇಳುತ್ತೇನೆ. ನಡು ಸೀಸನ್‌ನಲ್ಲಿ ತಂಡಗಳು ಆಡಿದ ಪಂದ್ಯ ಸಮ ಇರುವುದಿಲ್ಲ, ಹಾಗಾಗಿ ಸ್ಥಾನ ನೋಡಬೇಡಿ, ಒಟ್ಟು ಪಾಯಿಂಟ್ಸನ್ನು ಆಡಿದ ಪಂದ್ಯಗಳಿಂದ ಭಾಗಿಸಿ. ಅಳತೆಗೆ 2024-25 ಇಟ್ಟುಕೊಳ್ಳಿ. ತಲಾ 24 ಪಂದ್ಯ. ಮೋಹನ್ ಬಗಾನ್ 56, ಅಂದರೆ ಪಂದ್ಯಕ್ಕೆ 2.33. ಗೋವಾ 48, ಸರಿಯಾಗಿ 2. ಪ್ಲೇಆಫ್‌ಗೆ ಕೊನೆಯದಾಗಿ ಹೋದ, ಆರನೆಯ ಸ್ಥಾನದ ಮುಂಬೈ 36, ಅಂದರೆ 1.5. ನಿಮ್ಮ ತಂಡ ಎರಡರ ಮೇಲಿದ್ದರೆ ಶೀಲ್ಡಿನ (ಲೀಗ್‌ನಲ್ಲಿ ಮೊದಲ ಸ್ಥಾನಕ್ಕೆ ಸಿಗುವುದು) ಲೆಕ್ಕ ಹಾಕಿ, ಒಂದೂವರೆಗಿಂತ ಕೆಳಗಿದ್ದರೆ ಪ್ಲೇಆಫ್ ಚಿಂತೆ ಮಾಡಿ.

ಸಮ ಪಾಯಿಂಟ್ಸ್ ಬಂದರೆ ಐಎಸ್‌ಎಲ್‌ನಲ್ಲಿ ಮೊದಲು ನೋಡುವುದು ಆ ತಂಡಗಳ ಪರಸ್ಪರ ಫಲಿತಾಂಶ, ಒಟ್ಟು ಗೋಲ್ ವ್ಯತ್ಯಾಸ ಆಮೇಲೆ. ಅದೇ ಸೀಸನ್‌ನಲ್ಲಿ ಬೆಂಗಳೂರು, ನಾರ್ತ್‌ಈಸ್ಟ್, ಜಮ್ಶೆಡ್‌ಪುರ ಮೂರೂ 38ಕ್ಕೆ ನಿಂತಿದ್ದವು. ಆದ್ದರಿಂದ ನಿಮ್ಮ ಪಕ್ಕದ ಸ್ಥಾನದಲ್ಲಿರುವ ತಂಡದ ಜೊತೆಗಿನ ಪಂದ್ಯವನ್ನು ಯಾವ ಕಾರಣಕ್ಕೂ ತಪ್ಪಿಸಬೇಡಿ.

ಒಂದು ಸಣ್ಣ ನೋಟ್‌ಬುಕ್ ಇಡಿ. ಹೆಸರಿನ ಎದುರು ಹಳದಿ ಕಾರ್ಡ್ ಬರೆಯುತ್ತಾ ಹೋಗಿ, ನಾಲ್ಕಾದರೆ ಒಂದು ಪಂದ್ಯ ಹೊರಗೆ. ಮೂರರಲ್ಲಿರುವ ಡಿಫೆಂಡರ್ ಟ್ಯಾಕಲ್‌ಗೆ ಹಿಂಜರಿಯುವುದು ಮೇಲಿನ ಸಾಲಿಗೂ ಕಾಣುತ್ತದೆ. ಬದಲಿ ಆಟಗಾರರ ನಿಮಿಷವನ್ನೂ ಬರೆಯಿರಿ. 2021-22ರಿಂದ ಅಂಗಳದಲ್ಲಿ ಒಮ್ಮೆಗೆ ನಾಲ್ವರೇ ವಿದೇಶಿಯರು, ಆದ್ದರಿಂದ ವಿದೇಶಿ ಸ್ಟ್ರೈಕರ್‌ನನ್ನು ಇಳಿಸಬೇಕಾದರೆ ಇನ್ನೊಬ್ಬ ವಿದೇಶಿಯನ್ನು ತೆಗೆಯಬೇಕಾಗುತ್ತದೆ. ಕೋಚ್ ಮಿಡ್‌ಫೀಲ್ಡ್ ಯಾಕೆ ಖಾಲಿ ಮಾಡಿದ ಅನ್ನುವ ಕೂಗಿಗೆ ಎಷ್ಟೋ ಸಲ ಉತ್ತರ ಇದೇ.

ಇನ್ನು ನನ್ನ ಅಭಿಪ್ರಾಯ, ಇದರಲ್ಲಿ ರಾಜಿ ಇಲ್ಲ: ತಂಡವನ್ನು ಅಳೆಯಬೇಕಾದದ್ದು ಶೀಲ್ಡಿನಿಂದ, ಪ್ಲೇಆಫ್ ಗೆದ್ದವರಿಗೆ ಸಿಗುವ ಕಪ್ಪಿನಿಂದಲ್ಲ. 2019-20ರಲ್ಲಿ ಗೋವಾ 18 ಪಂದ್ಯದಲ್ಲಿ 39 ಪಾಯಿಂಟ್ಸ್, 46 ಗೋಲು ಗಳಿಸಿ ಶೀಲ್ಡ್ ಗೆದ್ದಿತು, ಸೆಮಿಫೈನಲ್‌ನಲ್ಲಿ ಚೆನ್ನೈಯಿನ್ ಎದುರು ಒಟ್ಟು 5-6ರಲ್ಲಿ ಸೋತಿತು. 2025ರ ಏಪ್ರಿಲ್‌ನ ಸೆಮಿಫೈನಲ್ ನೆನಪಿಸಿಕೊಳ್ಳಿ. ಲೀಗ್‌ನಲ್ಲಿ ಬೆಂಗಳೂರಿಗಿಂತ ಹತ್ತು ಪಾಯಿಂಟ್ಸ್ ಮೇಲಿದ್ದ ತಂಡ, ಕಂಠೀರವದಲ್ಲಿ 0-2. ಫಾತೋರ್ಡಾದ ಎರಡನೇ ಪಂದ್ಯದಲ್ಲಿ ನಮ್ಮ ಬೋರ್ಹಾ ಒಂದು, 88ನೇ ನಿಮಿಷದಲ್ಲಿ ಸಾದಿಕು ಇನ್ನೊಂದು, ಒಟ್ಟು 2-2. ಹೆಚ್ಚುವರಿ ಆಟ ಖಚಿತ ಅನ್ನುವಾಗ 92ನೇ ನಿಮಿಷದಲ್ಲಿ ಬೆಂಗಳೂರಿನ ಛೆಟ್ರಿ ತಲೆಯಿಂದ ಹೊಡೆದ ಗೋಲು. ಐದಾರು ತಿಂಗಳ ದುಡಿಮೆಗೆ ನಾಲ್ಕು ನಿಮಿಷದಲ್ಲಿ ತೆರೆ. ಅದಕ್ಕೇ ಹೇಳುವುದು, ದುಡ್ಡು, ರಜೆ ಎಲ್ಲ ಉಳಿಸಿಟ್ಟು ಪ್ಲೇಆಫ್‌ಗೆ ಮಾತ್ರ ಹೋಗುವ ಪದ್ಧತಿ ತಪ್ಪು. ವಾರದ ನಡುವೆ ಅರ್ಧ ಖಾಲಿ ಸ್ಟ್ಯಾಂಡಿನೆದುರು ಆಡುವ ಪಂದ್ಯಗಳಲ್ಲೇ ಶೀಲ್ಡ್ ಗೆಲ್ಲುವುದು, ತಂಡಕ್ಕೆ ದನಿ ಬೇಕಾಗುವುದೂ ಆಗಲೇ.

ಅಂಧೇರಿ_ನೀಲಿ:
ನಾನು ಮುಂಬೈ ಸಿಟಿಯ ಕಡೆಯವ ಮಾರಾಯ್ರೆ, ಆದರೂ ದಾರಿ ಹೇಳುತ್ತೇನೆ. ರೈಲು ಬುಕಿಂಗ್ ಈಗ 60 ದಿನ ಮೊದಲು ಮಾತ್ರ ತೆರೆಯುವುದು, ಆ ದಿನ ಬೆಳಿಗ್ಗೆಯೇ ಮಾಡಿ. ಪಂದ್ಯ ಮಳೆಗಾಲದ ಕೊನೆಗೆ ಇದ್ದರೆ ಕೊಂಕಣ ರೈಲ್ವೆಯ ಮಳೆಗಾಲದ ವೇಳಾಪಟ್ಟಿ ನೋಡಿ, ಆಗ ಗಾಡಿಗಳ ವೇಗ ಕಡಿಮೆ, ಹೊತ್ತು ಬೇರೆ.

ಮುಂಬೈ ಫುಟ್‌ಬಾಲ್ ಅರೀನಾ ಅಂಧೇರಿ ಸ್ಪೋರ್ಟ್ಸ್ ಕಾಂಪ್ಲೆಕ್ಸ್ ಒಳಗಿದೆ, ಮೆಟ್ರೋದಲ್ಲಿ ಆಜಾದ್ ನಗರ ಸ್ಟೇಷನ್. ಸಣ್ಣ ಕ್ರೀಡಾಂಗಣ, ಟಿಕೆಟ್ ಬೇಗ ಮುಗಿಯುತ್ತದೆ. ವಾಪಸಿಗೆ ಕೊಂಕಣ ಕನ್ಯಾ ರೈಲು, ರಾತ್ರಿ ಹನ್ನೊಂದರ ಸುಮಾರಿಗೆ ಸಿಎಸ್‌ಎಂಟಿ (ಮುಂಬೈನ ಛತ್ರಪತಿ ಶಿವಾಜಿ ಟರ್ಮಿನಸ್) ಬಿಡುತ್ತದೆ. ಅದನ್ನು ಹಿಡಿಯಲು ಸಿಎಸ್‌ಎಂಟಿವರೆಗೆ ಓಡುವುದು ಬೇಡವೇ ಬೇಡ. ಆಜಾದ್ ನಗರದಲ್ಲಿ ಮೆಟ್ರೋ ಹತ್ತಿ ಘಾಟ್ಕೋಪರ್, ಅಲ್ಲಿಂದ ಸೆಂಟ್ರಲ್ ಲೈನ್ ಲೋಕಲ್‌ನಲ್ಲಿ ಠಾಣೆ. ಗಾಡಿ ದಾದರ್ ಮೇಲೆ ಠಾಣೆಗೇ ಬರುತ್ತದೆ. ಆದರೆ ಟಿಕೆಟ್ ಮಾಡುವಾಗಲೇ ಹತ್ತುವ ಸ್ಟೇಷನ್ ಠಾಣೆ ಅಂತ ಹಾಕಿ. ಸಿಎಸ್‌ಎಂಟಿ ಅಂತ ಇದ್ದು ನೀವು ಅಲ್ಲಿ ಕಾಣದಿದ್ದರೆ ಬರ್ತ್ ಬೇರೆಯವರಿಗೆ ಹೋದೀತು. ನಾಕೌಟ್ ಆದರೆ ಹೆಚ್ಚುವರಿ ಆಟ, ಪೆನಾಲ್ಟಿ ಸೇರಿ ಮುಕ್ಕಾಲು ಗಂಟೆ ಜಾಸ್ತಿ, ಆಗ ಮರುದಿನದ ಗಾಡಿಯೇ ಸೈ.

ಝುವಾರಿ_ಬೈಲಹೊಂಗಲ:
ಭಾಳ ಉಪಕಾರ ಆತ್ರಿ ಎಲ್ಲಾರಿಗೂ. ಬೆಂಗಳೂರಿಗೆ ವಾಸ್ಕೋದಿಂದ ಸೀದಾ ಯಶವಂತಪುರ ಗಾಡಿ ಐತಿ. ಅಲ್ಲಿ ನಮ್ಮ ಮಾವನ ಮಗನ ಜೋಡಿ ಅವರ ಸ್ಟ್ಯಾಂಡಿನ್ಯಾಗ ಕುಂತ್ರ ನಡೀತೈತೇನ್ರಿ? ಮತ್ತ ಆ ಉದ್ದನೆ ಬಿಡುವಿನ್ಯಾಗ ನೋಡಾಕ ಏನರ ಐತೇನು?

ಫಾತೋರ್ಡಾ_ಮೇಲ್ಸಾಲು:
ಕಿತ್ತಳೆ ಜೆರ್ಸಿ ಹಾಕಿ ಅವರ ಸ್ಟ್ಯಾಂಡಿಗೆ ಹೋಗಬೇಡಿ. ಗೇಟಿನಲ್ಲಿ ತಡೆಯುತ್ತಾರೆ, ಒಳಗೆ ಬಿಟ್ಟರೂ ಗೋಲು ಬಿದ್ದಾಗ ಎದ್ದು ಕೂಗಲಾಗದು. ಹೊರಗಿನ ತಂಡದ ಬೆಂಬಲಿಗರ ಸ್ಟ್ಯಾಂಡ್‌ಗೇ ಟಿಕೆಟ್ ಮಾಡಿ, ಮಾವನ ಮಗನನ್ನು ಆಟ ಮುಗಿದ ಮೇಲೆ ಭೇಟಿಯಾಗಿ. ಯಶವಂತಪುರದಿಂದ ಹಸಿರು ಮಾರ್ಗದಲ್ಲಿ ಮೆಜೆಸ್ಟಿಕ್, ಅಲ್ಲಿ ನೇರಳೆ ಮಾರ್ಗಕ್ಕೆ ಬದಲಿಸಿ ಕಬ್ಬನ್ ಪಾರ್ಕ್. ಅಲ್ಲಿಂದ ಕಂಠೀರವಕ್ಕೆ ನಡೆದೇ ಹೋಗಬಹುದು.

ಬಿಡುವಿನಲ್ಲಿ ನಿಮ್ಮ ಊರಲ್ಲೇ ತಿಲಕ್ ಮೈದಾನ ಇದೆಯಲ್ಲ. ಗೋವಾ ಪ್ರೊಫೆಷನಲ್ ಲೀಗ್‌ನಲ್ಲಿ ಡೆಂಪೊ, ಸಾಲ್ಗಾಂವ್ಕರ್, ಚರ್ಚಿಲ್ ಆಡುತ್ತವೆ, ಡೆಂಪೊ ಐದು ಸಲ ರಾಷ್ಟ್ರೀಯ ಲೀಗ್ ಗೆದ್ದ ತಂಡ. ಎಫ್‌ಸಿ ಗೋವಾದ ಕಿರಿಯರ ತಂಡವೂ ಅದೇ ಲೀಗ್‌ನಲ್ಲಿ ಇಳಿಯುತ್ತದೆ. ಮೈದಾನ ಕೊನೆ ಗಳಿಗೆಯಲ್ಲೂ ಬದಲಾಗುತ್ತದೆ, ಹೊರಡುವ ದಿನ ಬೆಳಿಗ್ಗೆ ಗೋವಾ ಫುಟ್‌ಬಾಲ್ ಅಸೋಸಿಯೇಷನ್‌ನ ಪಟ್ಟಿ ಒಮ್ಮೆ ನೋಡಿಕೊಳ್ಳಿ.